ಹಿಮ್ಮೇಳದವರ ಸೇವೆ



ಹಾಡು ಕೇಳುವದಕ್ಕೆ ಹೋದವರು ಮನೆಗೆ ತಿರುಗಿ ಬಂದ ಮೇಲೆ, ಮುಂದೆ ನಿಂತು ಹಾಡಿದವನ ಹೆಸರನ್ನು ಹೇಳುತ್ತಾರೆ. ಅವನ ಹಿಂದೆ ನಿಂತು ರಾತ್ರಿಯೆಲ್ಲಾ ಸೊಲ್ಲು ಎತ್ತಿದವರು ಯಾರೆಂದು ಕೇಳಿದರೆ, ಯಾರೋ ಇಬ್ಬರು ಮೂವರು ಇದ್ದರು, ಎಂದು ಹೇಳಿ ಸುಮ್ಮನಾಗುತ್ತಾರೆ. ಆ ಇಬ್ಬರು ಮೂವರ ವಿಷಯವನ್ನೇ ನಾವು ಈ ಪಾಠದಲ್ಲಿ ವಿಚಾರಿಸುವೆವು. ಅವರು ಮಾಡುವ ಕೆಲಸವೇನು, ಆ ಕೆಲಸವನ್ನು ಕಲಿಯುವದು ಹೇಗೆ, ಅದರಿಂದ ಜೀವನ ನಡೆಯುವದೋ, ಅವರಿಗೆ ಸಲ್ಲತಕ್ಕದ್ದು ಸಲ್ಲುತ್ತದೋ ಎಂಬ ಪ್ರಶ್ನೆಗಳು ಇದರಲ್ಲಿ ಬರುವವು.

ಇದು ಬರೀ ಸಂಗೀತಗಾರರಿಗೆ ಸಂಬಂಧಪಟ್ಟ ಮಾತೆಂದು ಯಾರೂ ಪತ್ರಿಕೆಯನ್ನು ಮಡಚಿ ಇಡಬಾರದು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ನಮ್ಮ ಚಿಕ್ಕ ಸಭೆಗಳಲ್ಲಿ ಒಳ್ಳೆಯ ಕಂಠವುಳ್ಳ ಯೌವನಸ್ಥರು ಇದ್ದಾರೆ. ಧ್ವನಿವರ್ಧಕದ ಮುಂದೆ ನಿಲ್ಲುವದಕ್ಕೆ ಎಲ್ಲರಿಗೂ ಆಶೆ. ಹಿಂದೆ ನಿಂತು ಹಾಡೆಂದರೆ ಕೆಲವರು ಮುನಿಸಿಕೊಂಡು ಮುಂದಿನ ಭಾನುವಾರ ಬಾರದೆ ಹೋಗುವರು. ಇನ್ನೊಂದು ಕಡೆಯಲ್ಲಿ ವರುಷಾನುಗಟ್ಟಲೆ ಹಿಂದೆ ನಿಂತು ಹಾಡಿದವರಿಗೆ ಒಂದು ಹೊತ್ತಿನ ಊಟವನ್ನೂ ಒಂದು ಒಳ್ಳೆಯ ಮಾತನ್ನೂ ಕೊಡದೆ ಕಳುಹಿಸುವ ಹಿರಿಯರು ಇದ್ದಾರೆ. ಮುನಿಸಿಕೊಳ್ಳುವವರಿಗೂ, ಬರೀ ಕೈಯಲ್ಲಿ ಕಳುಹಿಸುವವರಿಗೂ ಈ ಪಾಠವು ಬೇಕಾಗಿದೆ. ಇದನ್ನು ಓದುವ ಮುಂಚೆ ಪೂರ್ವಕಾಲವೃತ್ತಾಂತ ಪ್ರಥಮ ಭಾಗದ ೧೫ನೆಯ ಮತ್ತು ೨೫ನೆಯ ಅಧ್ಯಾಯಗಳನ್ನೂ ನೆಹೆಮೀಯನ ಗ್ರಂಥದ ೧೩ನೆಯ ಅಧ್ಯಾಯವನ್ನೂ ಮನೆಯವರೆಲ್ಲರೂ ಕೂಡಿ ಓದಿಕೊಂಡರೆ ಒಳ್ಳೇದು.

೧. ನಮ್ಮ ಸೀಮೆಯ ಹಿಮ್ಮೇಳ

ಹಿಮ್ಮೇಳವೆಂಬದು ನಮಗೆ ಹೊರಗಿನಿಂದ ಬಂದ ಪದ್ಧತಿಯಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠವಿರುವದು ಎಲ್ಲರಿಗೂ ತಿಳಿದದ್ದೇ. ಆ ಪರಂಪರೆಯ ದೀಕ್ಷೆ ಪಡೆದ ನೀಲಗಾರರು ತಂಬೂರಿ ಹಿಡಿದು ಕಥೆಯನ್ನು ಹಾಡುತ್ತಾರೆ. ಮಲೆಯ ಮಾದೇಶ್ವರನ ಕಥೆಯನ್ನು ಹಾಡುವ ದೇವರಗುಡ್ಡರು ಕಂಸಾಳೆ ಹಿಡಿಯುತ್ತಾರೆ. ಕಂಸಾಳೆಯೆಂದರೆ ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆಯಾದ ಇನ್ನೊಂದು ತಾಳ. ಅವರ ಭಕ್ತಿಯ ವಿಷಯವನ್ನು ಇಲ್ಲಿ ವಿಚಾರಿಸುವದು ನಮ್ಮ ಉದ್ದೇಶವಲ್ಲ. ಅವರು ಹಾಡುವ ಕ್ರಮವನ್ನು ಮಾತ್ರ ನೋಡೋಣ. ಅದರಲ್ಲಿ ಕಲಿಯತಕ್ಕದ್ದು ಬಹಳವಿದೆ.

ನೀಲಗಾರರ ಮೇಳದಲ್ಲಿ ಮುಂದೆ ಹಾಡುವವನು ಹೆಗಲ ಮೇಲೆ ತಂಬೂರಿಯನ್ನಿಟ್ಟು ಬಲಗೈಯಿಂದ ಮೀಟುತ್ತಾನೆ, ಎಡಗೈಯಲ್ಲಿ ಗಗ್ಗರವನ್ನು ಆಡಿಸುತ್ತಾನೆ. ಅವನ ಜೊತೆಯಲ್ಲಿ ಕುಳಿತವರು ಡಕ್ಕೆಯನ್ನೂ ತಾಳವನ್ನೂ ಬಾರಿಸುತ್ತಾ ಹಿಮ್ಮೇಳದಲ್ಲಿ ಹಾಡುತ್ತಾರೆ. ಮುಂದಿನವನು ಒಂದು ಸಾಲನ್ನು ಹಾಡಿದ ಕೂಡಲೇ ಇವರು ಸಾಲಿನ ಬಾಲವನ್ನು ಹಿಡಿದು ಎತ್ತಿಕೊಂಡು ಸೊಲ್ಲನ್ನು ಹಾಡುತ್ತಾರೆ. ಅವನು ಹಾಡನ್ನು ನಿಲ್ಲಿಸಿ ಮಾತಿನಲ್ಲಿ ಕಥೆ ಹೇಳುವಾಗ ಒಬ್ಬನು ಹೂಂಗುಟ್ಟುತ್ತಾನೆ. ರಾತ್ರಿ ಊಟದ ಹೊತ್ತಿನಲ್ಲಿ ತೊಡಗಿದ ಕಥೆಯು ಕೋಳಿ ಕೂಗುವ ತನಕ ಹೀಗೆಯೇ ನಡೆಯುವದು.

ಮಳವಳ್ಳಿ ಮಹದೇವಸ್ವಾಮಿಯವರ ಕಂಠವನ್ನು ಧ್ವನಿಸುರುಳಿಗಳ ಮೂಲಕ ಈ ಸೀಮೆಯಲ್ಲಿ ಕೇಳದವರು ಕಡಿಮೆ. ಸುರುಳಿಯನ್ನು ಇನ್ನೊಮ್ಮೆ ಕೇಳುವಾಗ ಅವರ ಕಂಠದ ಮೇಲೆ ಮಾತ್ರ ಗಮನವಿಡದೆ, ಅವರು ಉಸಿರು ತೆಗೆದುಕೊಳ್ಳುವಾಗ ಹಾಡು ಹೇಗೆ ನಿಲ್ಲದೆ ಸಾಗುತ್ತದೆಂಬದನ್ನು ಗಮನಿಸಿರಿ. ಆಗ ಹಿಮ್ಮೇಳದವರು ಎಲ್ಲಿದ್ದಾರೆಂಬದು ತಿಳಿಯುವದು.

ಹೆಂಗಸರ ಹಾಡಿನಲ್ಲಿಯೂ ಇದೇ ಕ್ರಮ. ಮದುವೆಯ ಮನೆಯಲ್ಲಿ ಸೋಬಾನೆ ಹಾಡುವಾಗ ಒಬ್ಬ ಅಜ್ಜಿ ಮುಂದಾಗಿ ಹಾಡುವಳು, ಉಳಿದವರು ಅವಳ ಹಿಂದೆ ಹೇಳುವರು. ಹಿಂದೆ ಹೇಳುತ್ತಾ ಹೇಳುತ್ತಾ ಹತ್ತು ಮದುವೆಗಳಾಗುವಷ್ಟರಲ್ಲಿ ಸೊಸೆಗೆ ಹಾಡೆಲ್ಲಾ ಬಾಯಿಗೆ ಬಂದಿರುತ್ತದೆ. ಪುಸ್ತಕವಿಲ್ಲದ ಕಾಲದಲ್ಲಿ ಹಿಮ್ಮೇಳವೇ ಶಾಲೆಯಾಗಿತ್ತು.

೨. ಹಿಮ್ಮೇಳದವರು ಮಾಡುವ ಕೆಲಸವೇನು

ಮುಂದಿನವನು ಹೇಳಿದ್ದನ್ನೇ ಹಿಂದಿನವರು ತಿರುಗಿ ಹೇಳುವದಾದರೆ ಅದರಲ್ಲಿ ದೊಡ್ಡ ಕೆಲಸವೇನು, ಎಂದು ಕೆಲವರು ಕೇಳಿಯಾರು. ಕೆಲಸವು ನಾಲ್ಕು ವಿಧವಾಗಿದೆ.

ಮೊದಲನೇದು, ಬಿಡುವು ಕೊಡುವದು. ರಾತ್ರಿಯೆಲ್ಲಾ ಹಾಡುವ ಕಥೆಯನ್ನು ಯಾರೂ ಅಕ್ಷರ ಬಿಡದೆ ಗಟ್ಟಿ ಮಾಡಿಕೊಂಡು ಬಂದಿರುವದಿಲ್ಲ. ಕಥೆಯ ನಡೆಯೂ ಅದರಲ್ಲಿ ಪದೇ ಪದೇ ಬರುವ ಮಾತುಗಳೂ ಹಾಡುಗಾರನ ಮನಸ್ಸಿನಲ್ಲಿರುತ್ತವೆ. ಸಾಲನ್ನು ಅವನು ಅಲ್ಲಿಯೇ ಕಟ್ಟುತ್ತಾ ಹೋಗುತ್ತಾನೆ. ಹಿಮ್ಮೇಳದವರು ಸೊಲ್ಲು ಹಾಡುವ ಆ ನಾಲ್ಕು ಗಳಿಗೆ ಉಸಿರಿನಲ್ಲಿ ಅವನು ಮುಂದಿನ ಸಾಲನ್ನು ನೆನಸಿಕೊಳ್ಳಬೇಕು. ಆ ಸ್ವಲ್ಪ ಸಮಯವು ಸಿಕ್ಕದೆ ಹೋದರೆ ಕಥೆಯು ನಡುವೆ ಕಡಿದು ಹೋಗುವದು.

ಎರಡನೇದು, ಶ್ರುತಿಯನ್ನು ಕಾಯುವದು. ದಣಿದ ಕಂಠವು ತಿಳಿಯದಂತೆ ಇಳಿಯುವದು. ಮುಂದಿನವನು ಇಳಿದಾಗ ಹಿಂದಿನವರೂ ಕೂಡ ಇಳಿದರೆ ಎಲ್ಲರೂ ಹಳ್ಳಕ್ಕೆ ಬೀಳುವರು. ಹಿಂದಿನವರು ತಂಬೂರಿಯ ಶ್ರುತಿಯಲ್ಲಿಯೇ ನಿಂತರೆ ಮುಂದಿನವನು ತಾನಾಗಿಯೇ ತಿರುಗಿ ಸೇರಿಕೊಳ್ಳುವನು.

ಮೂರನೇದು, ಒಂದೇ ಬಾಯಾಗುವದು. ಮೂವರು ಹಾಡುವಾಗ ಒಬ್ಬನು ಮಾತನ್ನು ಎಳೆದು, ಇನ್ನೊಬ್ಬನು ಮೊಟಕು ಮಾಡಿದರೆ ಕೇಳುವವರಿಗೆ ಗದ್ದಲವಾಗುವದು. ಆದದರಿಂದ ಮಾತಿನ ಕೊನೆಯ ಅಕ್ಷರವನ್ನು ಎಲ್ಲರೂ ಒಂದೇ ಕ್ಷಣದಲ್ಲಿ ಬಿಡಬೇಕು. ಆಕಾರವನ್ನೂ ಓಕಾರವನ್ನೂ ಒಂದೇ ರೀತಿಯಲ್ಲಿ ಬಾಯಿ ತೆರೆದು ಹೇಳಬೇಕು. ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಮುಂದೆ ಎಳೆದರೆ ಸಾಲು ಸೊಟ್ಟಗಾಗುವದೆಂದು ಉಳುವವರಿಗೆ ಹೇಳಿಕೊಡಬೇಕಾದದ್ದಿಲ್ಲ.

ನಾಲ್ಕನೇದು, ತನ್ನ ಕಂಠವನ್ನು ತಗ್ಗಿಸುವದು. ಇದು ಎಲ್ಲಕ್ಕಿಂತ ಕಷ್ಟವಾದದ್ದು. ಕಂಠವಿಲ್ಲದವನು ಮೆಲ್ಲಗೆ ಹಾಡುವದರಲ್ಲಿ ಹೆಚ್ಚೇನೂ ಇಲ್ಲ. ಗಟ್ಟಿಯಾದ ಕಂಠವುಳ್ಳವನು, ಹಾಡನ್ನೆಲ್ಲಾ ಬಲ್ಲವನು, ಮುಂದಿನವನಿಗಿಂತಲೂ ಚೆನ್ನಾಗಿ ಹಾಡಬಲ್ಲವನು, ಹಾಡಿನ ಮೇಲಿಗಾಗಿ ತನ್ನ ಧ್ವನಿಯನ್ನು ಅರ್ಧಕ್ಕೆ ಇಳಿಸಿ ನಿಲ್ಲುವದೇ ವಿದ್ಯೆ.

೩. ವೇದದಲ್ಲಿ ಎರಡನೆಯ ತರಗತಿಯವರು

ದಾವೀದನು ಒಡಂಬಡಿಕೆಯ ಮಂಜೂಷವನ್ನು ಯೆರೂಸಲೇಮಿಗೆ ತರಿಸಿದ ದಿವಸ ಹಾಡುಗಾರರು ನೇಮಿಸಲ್ಪಟ್ಟರು. ಹೇಮಾನ, ಆಸಾಫ, ಏತಾನ ಎಂಬ ಮೂವರು ಮುಂದಾಳುಗಳು. ಅವರ ಕೈಯಲ್ಲಿ ಕಂಚಿನ ತಾಳಗಳಿದ್ದವು. ನಮ್ಮ ಸೀಮೆಯವರಿಗೆ ಈ ಮಾತನ್ನು ಓದುವಾಗ ಚಿತ್ರವು ಕಣ್ಣಿಗೆ ಕಟ್ಟಿದ ಹಾಗಿರುವದು. ಗಾಯನದಲ್ಲಿ ಜಾಣನಾದ ಕಾರಣ ಕೆನನ್ಯನೆಂಬವನು ಹಾಡುವದನ್ನು ಕಲಿಸುವವನಾದನು. ಇವರ ತರುವಾಯ ಎರಡನೆಯ ತರಗತಿಯ ಸಹೋದರರೆಂದು ಬೇರೆ ಒಂದು ಗುಂಪು ಹೇಳಲ್ಪಟ್ಟಿದೆ. ಇಲ್ಲಿ ನಾವು ನಿಂತು ಗಮನಿಸತಕ್ಕ ಸಂಗತಿಯುಂಟು. ಗ್ರಂಥಕರ್ತನು, ಇನ್ನು ಕೆಲವರು ಇದ್ದರು, ಎಂದು ಹೇಳಿ ಬಿಟ್ಟುಬಿಡಲಿಲ್ಲ. ಜೆಕರ್ಯ, ಉನ್ನಿ, ಎಲೀಯಾಬ, ಬೆನಾಯ ಮೊದಲಾದ ಹತ್ತಕ್ಕಿಂತ ಹೆಚ್ಚು ಹೆಸರುಗಳನ್ನು ಒಂದೊಂದಾಗಿ ಬರೆದಿಟ್ಟಿದ್ದಾನೆ. ಅವರಲ್ಲಿ ಬಾಗಲು ಕಾಯುವವರೂ ಇದ್ದರು. ಅವರೇ ಕಿನ್ನರಿ ಹಿಡಿದು ನುಡಿಸುವವರೂ ಆಗಿದ್ದರು. ಅವರ ಹೆಸರುಗಳೂ ಉಳಿದಿವೆ.

೨೫ನೆಯ ಅಧ್ಯಾಯದಲ್ಲಿ ಆಸಾಫ, ಹೇಮಾನ, ಯೆದುತೂನರ ವಂಶದವರಾದ ೨೮೮ ಮಂದಿ ಹಾಡುಗಾರರ ಲೆಕ್ಕವಿದೆ. ಅವರನ್ನು ೨೪ ವರ್ಗಗಳಾಗಿ ಮಾಡಿ, ವರ್ಗಕ್ಕೆ ೧೨ ಮಂದಿಯಂತೆ ಹಂಚಿದರು. ಸರದಿಯನ್ನು ಗೊತ್ತುಮಾಡುವದಕ್ಕೆ ಚೀಟು ಹಾಕುವಾಗ ಹಿರಿಯನೆಂದೂ ಕಿರಿಯನೆಂದೂ, ಗುರುವೆಂದೂ ಶಿಷ್ಯನೆಂದೂ ನೋಡದೆ ಎಲ್ಲರಿಗೂ ಸಮವಾಗಿ ಹಾಕಿದರು. ಮುಂದಾಳುತನವೆಂಬದು ಕೆಲಸದ ಅನುಕೂಲಕ್ಕಾಗಿ ಕೊಟ್ಟ ಸ್ಥಾನವೇ ಹೊರತು ಹುಟ್ಟಿನಿಂದ ಬಂದ ದೊಡ್ಡಸ್ತಿಕೆಯಲ್ಲವೆಂದು ಇದರಿಂದ ತಿಳಿಯುತ್ತದೆ.

ಕೀರ್ತನೆ ೧೩೬ನ್ನು ತೆರೆದು ನೋಡಿರಿ. ಅದರಲ್ಲಿ ೨೬ ವಚನಗಳಿವೆ. ಇಪ್ಪತ್ತಾರರ ಕೊನೆಯಲ್ಲಿಯೂ ಒಂದೇ ಮಾತು ಬರುತ್ತದೆ. ಮನೆಯಲ್ಲಿ ಒಬ್ಬನೇ ಕುಳಿತು ಓದುವವನಿಗೆ, ಇದೇಕೆ ಹೀಗೆ ಬರೆದಿದೆ, ಎಂದು ಬೇಸರವಾದೀತು. ಆದರೆ ಒಬ್ಬನು ಮೊದಲರ್ಧವನ್ನು ಹಾಡಿ, ಸಭೆಯೆಲ್ಲಾ ಎರಡನೆಯ ಅರ್ಧವನ್ನು ಸೊಲ್ಲಾಗಿ ಎತ್ತಿಕೊಂಡರೆ ಆ ಕೀರ್ತನೆಯ ಬಲವು ಗೊತ್ತಾಗುವದು. ಆ ಕೀರ್ತನೆಯಲ್ಲಿ ಅರ್ಧವು ಹಿಮ್ಮೇಳದವರದು.

೪. ಅಮೇರಿಕಾ ದೇಶದ ಹಿಮ್ಮೇಳದವರು

ಈಗ ದೂರದ ಒಂದು ದೇಶವನ್ನು ನೋಡೋಣ. ಯಾಕಂದರೆ ಹಿಮ್ಮೇಳದಲ್ಲಿ ಹಾಡುವದೇ ಒಂದು ಕಸುಬಾಗಿ, ಅದರಿಂದಲೇ ಸಂಸಾರ ಸಾಗಿಸುವವರು ಅಲ್ಲಿ ಹುಟ್ಟಿಕೊಂಡರು. ಅಲ್ಲಿಯೂ ಅದರ ಬೇರು ಹಳ್ಳಿಯಲ್ಲಿ, ಸಭೆಯಲ್ಲಿ ಇತ್ತು. ಪುಸ್ತಕಗಳು ಕಡಿಮೆಯಾಗಿದ್ದ, ಓದುಬಲ್ಲವರು ಕಡಿಮೆಯಾಗಿದ್ದ ಕಾಲದಲ್ಲಿ ಅಲ್ಲಿನ ಸಭೆಗಳಲ್ಲಿ ಒಬ್ಬನು ಒಂದು ಸಾಲನ್ನು ಹೇಳಿಕೊಡುವನು, ಸಭೆಯವರು ಅದನ್ನು ಹಾಡುವರು. ಅಕ್ಷರ ಬಾರದ ವಿಶ್ವಾಸಿಗಳು ನಮ್ಮಲ್ಲಿಯೂ ಹೀಗೆಯೇ ಹಾಡುಗಳನ್ನು ಕಲಿತರು.

ದಾಸತ್ವದಿಂದ ಬಿಡುಗಡೆಯಾದ ಕಪ್ಪು ಜನರ ಮಕ್ಕಳಿಗಾಗಿ ೧೮೬೬ರಲ್ಲಿ ನ್ಯಾಶ್‌ವಿಲ್ ಪಟ್ಟಣದಲ್ಲಿ ಫಿಸ್ಕ್ ಎಂಬ ಶಾಲೆಯು ಸ್ಥಾಪಿಸಲ್ಪಟ್ಟಿತು. ಹಣವಿಲ್ಲದೆ ಶಾಲೆಯು ಮುಚ್ಚಿಹೋಗುವ ಸ್ಥಿತಿಗೆ ಬಂದಾಗ, ೧೮೭೧ರ ಅಕ್ಟೋಬರ್ ತಿಂಗಳಲ್ಲಿ ಅಲ್ಲಿನ ೯ ಮಂದಿ ವಿದ್ಯಾರ್ಥಿಗಳು ಹಾಡಿ ಹಣ ಕೂಡಿಸುವದಕ್ಕೆ ಊರೂರಿಗೆ ಹೊರಟರು. ಜೂಬಿಲಿ ಗಾಯಕರೆಂದು ಅವರಿಗೆ ಹೆಸರಾಯಿತು. ೧೮೭೩ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆಯೂ ಹಾಡಿದರು. ಅವರು ಸಂಪಾದಿಸಿದ ಹಣದಿಂದ ಎದ್ದ ಜೂಬಿಲಿ ಹಾಲ್ ಎಂಬ ಕಟ್ಟಡವು ಈಗಲೂ ನಿಂತಿದೆ. ಅವರ ಕೀರ್ತಿಯು ಒಂದು ಕಂಠದಿಂದ ಬರಲಿಲ್ಲ. ಕಂಠಗಳು ಕೂಡಿದ್ದರಿಂದಲೇ ಬಂತು.

ತರುವಾಯ ಆ ಜನರ ಸಭೆಗಳಲ್ಲಿ ಗಾಸ್ಪೆಲ್ ಎಂಬ ಸುವಾರ್ತಾ ಸಂಗೀತವು ಬೆಳೆಯಿತು. ಅದರ ತಂದೆಯೆಂದು ಕರೆಯಲ್ಪಟ್ಟ ಥಾಮಸ್ ಡಾರ್ಸಿಯವರು (೧೮೯೯–೧೯೯೩) ಮೊದಲು ಬೇರೊಬ್ಬ ಪ್ರಸಿದ್ಧ ಗಾಯಕಿಯ ಜೊತೆಯಲ್ಲಿ ಪಿಯಾನೋ ನುಡಿಸುತ್ತಿದ್ದವರು. ೧೯೩೨ರಲ್ಲಿ ಅವರ ಹೆಂಡತಿಯೂ ಆಗತಾನೇ ಹುಟ್ಟಿದ ಮಗುವೂ ತೀರಿಹೋದರು. ಆ ದುಃಖದಲ್ಲಿ ಅವರು ಬರೆದ ಪ್ರಾರ್ಥನೆಯ ಹಾಡು ಲೋಕವೆಲ್ಲಾ ಹಬ್ಬಿತು. ಶಿಕಾಗೋ ಪಟ್ಟಣದ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಸಭೆಯಲ್ಲಿ ಅವರು ಗಾಯಕವೃಂದವನ್ನು ನಡಿಸಿದರು.

ಅದೇ ದೇಶದ ಬಿಳಿಯ ಜನರ ಹಳ್ಳಿಗಳಲ್ಲಿ ಹುಟ್ಟಿದ ಸಂಗೀತಕ್ಕೆ ಕಂಟ್ರಿ, ಅಂದರೆ ಹಳ್ಳಿಗಾಡಿನ ಸಂಗೀತ, ಎಂದು ಹೆಸರು. ೧೯೨೭ರ ಆಗಸ್ಟ್ ೧ರಂದು ಬ್ರಿಸ್ಟಲ್ ಎಂಬ ಊರಿನಲ್ಲಿ ಕಾರ್ಟರ್ ಕುಟುಂಬದವರು ಮೊದಲ ಸಾರಿ ಗ್ರಾಮಫೋನ್ ತಟ್ಟೆಗಾಗಿ ಹಾಡಿದರು. ಸಾರಾ ಎಂಬಾಕೆ ಮುಂದೆ ಹಾಡಿದಳು. ಮೇಬೆಲ್ ಎಂಬಾಕೆ ಗಿಟಾರ್ ನುಡಿಸಿ ಜೊತೆ ಕೊಟ್ಟಳು. ಸಾರಾಳ ಗಂಡನಾದ ಎ. ಪಿ. ಕಾರ್ಟರ್ ಆಗಾಗ್ಗೆ ಮಂದ್ರ ಧ್ವನಿಯಲ್ಲಿ ಸೇರುತ್ತಿದ್ದನು. ಈತನು ಹಳೆಯ ಹಾಡುಗಳನ್ನು ಹುಡುಕಿಕೊಂಡು ಬೆಟ್ಟದ ಹಳ್ಳಿಗಳಲ್ಲಿ ತಿರುಗುವಾಗ ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರುಗಾರನು ಜೊತೆಯಲ್ಲಿ ಹೋಗುತ್ತಿದ್ದನು. ಕಾರ್ಟರನು ಮಾತುಗಳನ್ನು ಬರೆದುಕೊಳ್ಳುವನು, ರಿಡಲನು ರಾಗವನ್ನು ನೆನಪಿನಲ್ಲಿ ಹಿಡಿದು ತರುವನು. ತಟ್ಟೆಯ ಮೇಲೆ ಕಾರ್ಟರ್ ಎಂಬ ಹೆಸರು ಮಾತ್ರ ಅಚ್ಚಾಯಿತು.

ಕಸುಬಿನ ಹಿಮ್ಮೇಳಕ್ಕೆ ಒಳ್ಳೆಯ ದೃಷ್ಟಾಂತವು ಜಾರ್ಡನೇರ್ಸ್ ಎಂಬ ನಾಲ್ವರ ಮೇಳ. ಇದು ೧೯೪೮ರಲ್ಲಿ ಮಿಸ್ಸೂರಿ ಸೀಮೆಯ ಸ್ಪ್ರಿಂಗ್‌ಫೀಲ್ಡಿನಲ್ಲಿ ಹುಟ್ಟಿತು. ಮೊದಲು ಭಕ್ತಿಗೀತಗಳನ್ನು ಹಾಡುತ್ತಿದ್ದರು. ೧೯೫೬ರಿಂದ ಎಲ್ವಿಸ್ ಪ್ರೆಸ್ಲಿ ಎಂಬ ಗಾಯಕನ ಹಿಂದೆ ನಿಂತು ಹಾಡಿದರು. ನ್ಯಾಶ್‌ವಿಲ್ಲಿನ ಇತರ ಅನೇಕ ಗಾಯಕರಿಗೂ ಹಿಮ್ಮೇಳ ಕೊಟ್ಟರು. ಡಾರ್ಸಿಯವರು ಬರೆದ ಶಾಂತಿಯ ಕಣಿವೆಯ ಹಾಡನ್ನು ೧೯೫೭ರಲ್ಲಿ ಪ್ರೆಸ್ಲಿಯು ಹಾಡಿದಾಗಲೂ ಹಿಂದೆ ನಿಂತವರು ಇವರೇ. ಪ್ರೆಸ್ಲಿಯು ೧೯೭೭ರಲ್ಲಿ ತನ್ನ ೪೨ನೆಯ ವಯಸ್ಸಿನಲ್ಲಿ ತೀರಿಹೋದನು. ಹಿಂದೆ ನಿಂತಿದ್ದವರ ಮೇಳವಾದರೋ, ಅದರ ಹಿರಿಯ ಗಾರ್ಡನ್ ಸ್ಟೋಕರನು ೨೦೧೩ರಲ್ಲಿ ತೀರಿಹೋಗುವ ತನಕ ನಡೆಯಿತು. ಮುಂದಿನವನ ದೀಪವು ಬಹಳ ಪ್ರಕಾಶವಾಗಿ ಉರಿದು ಬೇಗ ಆರಿತು. ಹಿಂದಿನವರ ದೀಪವು ಸಣ್ಣದಾಗಿದ್ದು ೬೫ ವರುಷ ಉರಿಯಿತು.

ಇವರ ಕೆಲಸದ ಕ್ರಮವನ್ನೂ ತಿಳಿಯತಕ್ಕದ್ದು. ನಮ್ಮ ಹಿಮ್ಮೇಳದವರು ಸಾಮಾನ್ಯವಾಗಿ ಮುಂದಿನವನ ಸ್ವರವನ್ನೇ ಹಾಡುತ್ತಾರೆ. ಅಲ್ಲಿಯಾದರೋ ಒಬ್ಬನು ಷಡ್ಜದಲ್ಲಿರುವಾಗ ಇನ್ನೊಬ್ಬನು ಗಾಂಧಾರದಲ್ಲಿ, ಮತ್ತೊಬ್ಬನು ಪಂಚಮದಲ್ಲಿ ಒಂದೇ ಮಾತನ್ನು ಹಾಡುತ್ತಾರೆ. ಮೂರೂ ಸೇರಿ ಒಂದೇ ನಾದವಾಗುವದು. ಒಂದು ದಿವಸದಲ್ಲಿ ಹಲವು ಹಾಡುಗಳನ್ನು ಧ್ವನಿಮುದ್ರಣ ಮಾಡಬೇಕಾದ್ದರಿಂದ ಹಿಮ್ಮೇಳದವರು ಹೊಸ ಹಾಡನ್ನು ಕ್ಷಣದಲ್ಲಿ ಕಲಿಯಬೇಕಾಗಿತ್ತು. ಅದಕ್ಕಾಗಿ ಜಾರ್ಡನೇರ್ಸ್ ಮೇಳದ ನೀಲ್ ಮ್ಯಾಥ್ಯೂಸ್ ಎಂಬವನು ಸ್ವರಗಳ ಹೆಸರಿಗೆ ಬದಲಾಗಿ ೧, ೪, ೫ ಎಂಬ ಅಂಕೆಗಳನ್ನು ಬರೆಯುವ ಕ್ರಮವನ್ನು ಏರ್ಪಡಿಸಿದನು. ಗಾಯಕನ ಶ್ರುತಿಯು ಏರಿದರೂ ಇಳಿದರೂ ಅಂಕೆಗಳು ಬದಲಾಗುವದಿಲ್ಲ. ಸ, ಮ, ಪ ಎಂದು ಹಾಡುವ ನಮಗೆ ಇದು ಹೊಸದಲ್ಲ. ಷಡ್ಜವನ್ನು ಎಲ್ಲಿ ಇಟ್ಟರೂ ಉಳಿದ ಸ್ವರಗಳು ಅದರ ಹಿಂದೆ ಬರುವವೆಂಬದನ್ನು ನಮ್ಮ ಹಿರಿಯರು ಎಂದೋ ಬಲ್ಲರು.

ಹೆಂಗಸರಲ್ಲಿ ಮಿಲಿ ಕರ್ಕಮ್ (೧೯೨೩–೨೦೧೪) ಎಂಬಾಕೆಯ ಏರು ಧ್ವನಿಯು ನ್ಯಾಶ್‌ವಿಲ್ಲಿನ ಅನೇಕ ಪ್ರಸಿದ್ಧ ಹಾಡುಗಳಲ್ಲಿ ಕೇಳಿಬರುತ್ತದೆ. ಸಿಸ್ಸಿ ಹ್ಯೂಸ್ಟನ್ (೧೯೩೩–೨೦೨೪) ಎಂಬಾಕೆ ಚಿಕ್ಕಂದಿನಿಂದಲೂ ಒಡಹುಟ್ಟಿದವರ ಸಂಗಡ ಸುವಾರ್ತಾ ಗೀತಗಳನ್ನು ಹಾಡಿದವಳು. ಈಕೆಯು ದೊಡ್ಡ ಗಾಯಕರ ಹಿಂದೆ ನಿಂತು ಹಾಡಿ ಸಂಪಾದಿಸುತ್ತಿದ್ದರೂ ತನ್ನ ಊರಾದ ನ್ಯೂವಾರ್ಕಿನ ನ್ಯೂ ಹೋಪ್ ಬ್ಯಾಪ್ಟಿಸ್ಟ್ ಸಭೆಯ ಗಾಯಕವೃಂದವನ್ನು ಬಿಡಲಿಲ್ಲ. ಅನೇಕ ದಶಕಗಳ ಕಾಲ ಅಲ್ಲಿ ಕಲಿಸಿದಳು. ಲೋಕಪ್ರಸಿದ್ಧ ಗಾಯಕಿಯಾದ ಅವಳ ಮಗಳು ವಿಟ್ನಿಯು ಹಾಡುವದನ್ನು ಕಲಿತದ್ದು ಆ ಸಭೆಯಲ್ಲಿಯೇ.

೫. ಕೂಲಿಯ ವಿಷಯ

ಹಿಮ್ಮೇಳದವರ ತಾಳ್ಮೆಯನ್ನು ಹೊಗಳುವದು ಸುಲಭ. ಹೊಗಳಿಕೆಯಿಂದ ಒಲೆ ಉರಿಯುವದಿಲ್ಲ. ಇದನ್ನು ನೆಹೆಮೀಯನು ಚೆನ್ನಾಗಿ ಬಲ್ಲನು. ಅವನು ಸ್ವಲ್ಪ ಕಾಲ ಊರಿನಲ್ಲಿರದೆ ತಿರುಗಿ ಬಂದಾಗ ದೇವಾಲಯದಲ್ಲಿ ಹಾಡುವವರು ಇರಲಿಲ್ಲ. ಅವರಿಗೆ ಸಲ್ಲತಕ್ಕ ಪಾಲನ್ನು ಕೊಡದೆ ಇದ್ದದ್ದರಿಂದ ಅವರೆಲ್ಲರೂ ತಮ್ಮ ತಮ್ಮ ಹೊಲಗಳಿಗೆ ಓಡಿಹೋಗಿದ್ದರು. ಆಗ ನೆಹೆಮೀಯನು ಹಾಡುಗಾರರನ್ನು, ನಿಮಗೆ ಭಕ್ತಿಯಿಲ್ಲ, ಎಂದು ಗದರಿಸಲಿಲ್ಲ. ಅವನು ಗದರಿಸಿದ್ದು ಅಧಿಕಾರಿಗಳನ್ನು. ಹಾಡುಗಾರರನ್ನು ತಿರುಗಿ ಅವರವರ ಸ್ಥಳಗಳಲ್ಲಿ ನಿಲ್ಲಿಸಿ, ಧಾನ್ಯ ದ್ರಾಕ್ಷಾರಸ ಎಣ್ಣೆಗಳ ದಶಮಾಂಶವನ್ನು ಉಗ್ರಾಣಗಳಿಗೆ ತರಿಸಿ, ನಂಬಿಗಸ್ತರ ಕೈಯಿಂದ ಹಂಚಿಸಿದನು. ಈ ಕ್ರಮವನ್ನು ನಮ್ಮ ಸಭೆಯ ಹಿರಿಯರು ಎರಡು ಸಾರಿ ಓದಬೇಕು.

ನಮ್ಮ ಸೀಮೆಯಲ್ಲಿ ಹಿಮ್ಮೇಳದಿಂದ ಮಾತ್ರವೇ ಜೀವನ ನಡಿಸುವದು ಬಹಳ ಕಷ್ಟವೆಂದು ನಾವು ಮುಚ್ಚುಮರೆಯಿಲ್ಲದೆ ಹೇಳುವೆವು. ಜಾನಪದ ಮೇಳಗಳಲ್ಲಿ ಹಾಡುವವರಿಗೂ ಹೊಲವೋ ಕೂಲಿಯೋ ಬೇರೆ ಆಧಾರವು ಇರಬೇಕಾಗುತ್ತದೆ. ಆದದರಿಂದ, ಬೆಂಗಳೂರಿಗೆ ಹೋಗಿ ಧ್ವನಿಮುದ್ರಣದಲ್ಲಿ ಹಾಡುವೆನು, ಎಂದು ಹೊರಡುವ ಮಗನನ್ನೋ ಮಗಳನ್ನೋ ಹೆದರಿಸಿ ಕೂರಿಸುವದೂ ಬೇಡ, ಕಣ್ಣುಮುಚ್ಚಿ ಕಳುಹಿಸುವದೂ ಬೇಡ. ಶ್ರುತಿಯಲ್ಲಿ ನಿಲ್ಲುವದು, ಸ್ವರ ಬರೆದದ್ದನ್ನು ಓದುವದು, ಹೇಳಿದ ಹೊತ್ತಿಗೆ ಹಾಜರಾಗುವದು, ಈ ಮೂರನ್ನು ಮೊದಲು ಕಲಿಯಲಿ. ಒಂದು ದಿವಸಕ್ಕೆ ಏನು ಕೊಡುವರು, ಊಟವೂ ದಾರಿಯ ಖರ್ಚೂ ಯಾರದು, ಹಣವು ಯಾವಾಗ ಕೈಗೆ ಬರುವದು ಎಂಬದನ್ನು ಹಾಡುವದಕ್ಕೆ ಮುಂಚೆಯೇ ಕಾಗದದಲ್ಲಿ ಬರೆಯಿಸಿಕೊಳ್ಳಲಿ. ಕೇಳುವದು ದುರಾಶೆಯಲ್ಲ. ಆಲೆಮನೆಗೆ ಕಬ್ಬು ಹಾಕುವವನು ಬೆಲೆಯನ್ನು ವಿಚಾರಿಸದೆ ಗಾಡಿ ಹೂಡುವದಿಲ್ಲ.

೬. ಹೆಸರಿನ ವಿಷಯ

ಮಲೆ ಮಾದೇಶ್ವರನ ಮಹಾಕಾವ್ಯವನ್ನು ಹೆಬ್ಬಣಿ ಮಾದಯ್ಯನವರೂ ಅವರ ಸಂಗಡಿಗರೂ ಹಾಡಲಾಗಿ ಕೆ. ಕೇಶವನ್ ಪ್ರಸಾದರು ಸಂಗ್ರಹಿಸಿದರು. ಸಾಹಿತ್ಯ ಅಕಾಡೆಮಿಯು ೨೦೦೧ರಲ್ಲಿ ಅದನ್ನು ಇಂಗ್ಲಿಷಿನಲ್ಲಿಯೂ ಪ್ರಕಟಿಸಿತು. ಓದುಬಾರದವರ ಬಾಯಲ್ಲಿದ್ದ ಕಾವ್ಯಕ್ಕೆ ಇಂಥ ಗೌರವವು ದೊರೆತದ್ದು ದೊಡ್ಡ ಸಂಗತಿ. ಹಾಡಿದವರ ಹೆಸರನ್ನು ಮುಖಪುಟದಲ್ಲಿ ಅಚ್ಚು ಹಾಕಿದ್ದು ಇನ್ನೂ ದೊಡ್ಡದು. ಆದರೂ ಆ ಸಾಲಿನಲ್ಲಿ ಮಾದಯ್ಯನವರಿಗೆ ಹೆಸರಿದೆ, ಉಳಿದವರಿಗೆ ಸಂಗಡಿಗರೆಂಬ ಒಂದೇ ಮಾತಿದೆ. ಇದು ಒಂದು ಪುಸ್ತಕದ ದೋಷವಲ್ಲ. ಜಾತ್ರೆಯ ಕರೆಯೋಲೆಯಲ್ಲಿ, ಧ್ವನಿಸುರುಳಿಯ ಮೇಲೆ, ನಮ್ಮ ಕ್ರಿಸ್ಮಸ್ ಹಬ್ಬದ ಕರಪತ್ರದಲ್ಲಿ ಕೂಡ ಎಲ್ಲೆಲ್ಲಿಯೂ ಬರೆಯುವ ರೂಢಿಯೇ ಹೀಗಿದೆ: ಇಂಥವರು ಮತ್ತು ಸಂಗಡಿಗರು.

ಹೆಸರಿಲ್ಲದೆ ಹೋದರೆ ಏನಾಗುವದೆಂಬದಕ್ಕೆ ಡಾರ್ಲೀನ್ ಲವ್ ಎಂಬಾಕೆಯ ಚರಿತ್ರೆಯು ಸಾಕ್ಷಿಯಾಗಿದೆ. ೧೯೪೧ರಲ್ಲಿ ಹುಟ್ಟಿದ ಈಕೆ ಒಬ್ಬ ಸಭಾಪಾಲಕನ ಮಗಳು. ಸಭೆಯಲ್ಲಿ ಹಾಡಿ ಬೆಳೆದು, ಹಿಮ್ಮೇಳದ ಕಸುಬಿಗೆ ಸೇರಿದಳು. ೧೯೬೨ರಲ್ಲಿ ಅವಳೇ ಮುಂದೆ ಹಾಡಿದ ಒಂದು ಹಾಡು ದೇಶದಲ್ಲೆಲ್ಲಾ ಮೊದಲನೆಯ ಸ್ಥಾನಕ್ಕೆ ಬಂದಿತು. ಆದರೆ ತಟ್ಟೆಯ ಮೇಲೆ ಬೇರೊಂದು ಮೇಳದ ಹೆಸರನ್ನು ಹಾಕಲಾಗಿತ್ತು. ಕಾಲಾನಂತರ ಅವಳು ಹೊಟ್ಟೆಗಾಗಿ ಬೇರೆಯವರ ಮನೆಗಳನ್ನು ಶುಚಿಮಾಡುವ ಕೆಲಸಕ್ಕೆ ಹೋಗಬೇಕಾಯಿತು. ಹಾಗೆ ಕೆಲಸ ಮಾಡುತ್ತಿರುವಾಗ ಆ ಮನೆಯ ರೇಡಿಯೋದಲ್ಲಿ ತಾನೇ ಹಾಡಿದ ಕ್ರಿಸ್ಮಸ್ ಹಾಡನ್ನು ಕೇಳಿದಳು. ತಿರುಗಿ ಹಾಡುವದಕ್ಕೆ ಮನಸ್ಸು ಮಾಡಿದಳು. ೨೦೧೧ರಲ್ಲಿ ಅವಳಿಗೆ ಆ ದೇಶದ ದೊಡ್ಡ ಸಂಗೀತ ಮರ್ಯಾದೆಯು ದೊರೆಯಿತು; ೨೦೧೩ರಲ್ಲಿ ಅವಳಂಥ ಹಿಮ್ಮೇಳದವರನ್ನು ಕುರಿತ ಚಲನಚಿತ್ರವು ಬಂದು, ಮುಂದಿನ ವರುಷ ಆಸ್ಕರ್ ಬಹುಮಾನವನ್ನು ಪಡೆಯಿತು. ಜಾರ್ಡನೇರ್ಸ್ ಮೇಳದವರ ಸ್ಥಿತಿಯು ಬೇರೆಯಾಗಿತ್ತು. ಪ್ರೆಸ್ಲಿಯ ತಟ್ಟೆಗಳ ಮೇಲೆ ಅವನ ಹೆಸರಿನ ಕೆಳಗೆ ಇವರ ಮೇಳದ ಹೆಸರೂ ಅಚ್ಚಾಗುತ್ತಿತ್ತು. ಅದನ್ನು ನೋಡಿ ಬೇರೆಯವರು ಇವರನ್ನು ಕರೆಯುತ್ತಿದ್ದರು. ಹೀಗಿರಲಾಗಿ ಹೆಸರು ಬರೆಯುವದೆಂಬದು ಬರೀ ಮರ್ಯಾದೆಯ ಮಾತಲ್ಲ, ನಾಳೆಯ ಅನ್ನದ ಮಾತೂ ಆಗಿದೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸ್ವಲ್ಪ ಸಹಾಯ ಮಾಡುತ್ತದೆ. ೧೯೫೭ರ ಕೃತಿಸ್ವಾಮ್ಯ ಶಾಸನಕ್ಕೆ ೧೯೯೪ರಲ್ಲಿ ತಿದ್ದುಪಡಿಯಾಗಿ, ಹಾಡುವವರಿಗೂ ನುಡಿಸುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ಬಂದಿತು. ೨೦೧೨ರ ತಿದ್ದುಪಡಿಯಿಂದ, ಇದನ್ನು ಹಾಡಿದವರು ಇವರೇ, ಎಂದು ಗುರುತಿಸಲ್ಪಡುವ ಹಕ್ಕೂ ಸೇರಿತು. ಆದರೆ ಚಲನಚಿತ್ರಗಳಲ್ಲಿ ಸಾಂದರ್ಭಿಕವಾಗಿ ಬಂದುಹೋಗುವವರಿಗೆ, ವಾಡಿಕೆಯಂತೆ ಹೆಸರು ಹಾಕದೆ ಇರುವವರಿಗೆ, ಈ ಹಕ್ಕು ಪೂರ್ತಿಯಾಗಿ ಇಲ್ಲ. ಆದದರಿಂದ ಹೆಸರು ಹಾಕುವ ವಾಡಿಕೆಯನ್ನು ಬೆಳೆಸುವದೇ ಹಿಮ್ಮೇಳದವರಿಗೆ ದೊಡ್ಡ ಕಾವಲು.

೭. ಸಭೆಗಳಲ್ಲಿ ಮಾಡತಕ್ಕದ್ದು

ಮೊದಲನೇದಾಗಿ, ಮುಂದೆ ಹಾಡುವ ಸರದಿಯನ್ನು ಒಬ್ಬನಿಗೇ ಬಿಡಬೇಡಿರಿ. ೨೪ ವರ್ಗಗಳವರು ಚೀಟು ಹಾಕಿದಂತೆ ನೀವೂ ಸರದಿಯನ್ನು ಮಾಡಿರಿ. ಈ ವಾರ ಮುಂದೆ ಹಾಡಿದವನು ಮುಂದಿನ ವಾರ ಹಿಂದೆ ನಿಲ್ಲಲಿ. ಹಿಂದೆ ನಿಲ್ಲಲಾರದವನಿಗೆ ಮುಂದೆ ನಿಲ್ಲುವ ಯೋಗ್ಯತೆಯು ಇನ್ನೂ ಬರಲಿಲ್ಲವೆಂದು ತಿಳಿಯಿರಿ; ಹಿಮ್ಮೇಳವನ್ನು ಕೇಳುವ ಕಿವಿಯು ಅವನಿಗಿಲ್ಲ.

ಎರಡನೇದಾಗಿ, ಮಕ್ಕಳನ್ನು ಹಿಮ್ಮೇಳದಿಂದಲೇ ಆರಂಭಿಸಿರಿ. ಪಲ್ಲವಿಯನ್ನು ಮಾತ್ರ ಅವರಿಗೆ ಕೊಡಿರಿ. ಪಲ್ಲವಿಯು ಶ್ರುತಿಯಲ್ಲಿ ನಿಂತ ಮೇಲೆ ಚರಣವನ್ನು ಕೊಡಿರಿ.

ಮೂರನೇದಾಗಿ, ಧ್ವನಿವರ್ಧಕವನ್ನು ಎಚ್ಚರಿಕೆಯಿಂದ ಉಪಯೋಗಿಸಿರಿ. ಒಬ್ಬನ ಬಾಯಿಗೆ ಅದನ್ನು ಕೊಟ್ಟು ಸಭೆಯವರೆಲ್ಲರ ಕಂಠವನ್ನು ಮುಚ್ಚಿಬಿಡುವದು ಈಗ ಅನೇಕ ಸ್ಥಳಗಳಲ್ಲಿ ನಡೆಯುತ್ತಿದೆ. ಅಜ್ಜಿಯರು ಹಾಡುವದನ್ನು ನಿಲ್ಲಿಸಿ ಸುಮ್ಮನೆ ಕೇಳುವವರಾಗಿದ್ದಾರೆ. ಅವರಿಗೆ ಬರುತ್ತಿದ್ದ ಹಾಡುಗಳು ಅವರ ಸಂಗಡಲೇ ಮಣ್ಣಿಗೆ ಹೋಗುವವು. ಪ್ರತಿ ಭಾನುವಾರ ಒಂದು ಹಾಡನ್ನಾದರೂ ಧ್ವನಿವರ್ಧಕವನ್ನು ಆರಿಸಿ, ಹಿರಿಯಳೊಬ್ಬಳು ಹೇಳಿಕೊಟ್ಟಂತೆ ಎಲ್ಲರೂ ಹಾಡಿರಿ.

ನಾಲ್ಕನೇದಾಗಿ, ಹಬ್ಬದ ಕರಪತ್ರದಲ್ಲಿ ಸಂಗಡಿಗರು ಎಂಬ ಮಾತನ್ನು ಹೊಡೆದುಹಾಕಿ ಹೆಸರುಗಳನ್ನು ಬರೆಯಿರಿ. ಡೋಲಕ್ಕು ಬಾರಿಸುವವನ ಹೆಸರನ್ನೂ ತಾಳ ಹಾಕುವವಳ ಹೆಸರನ್ನೂ ಬರೆಯಿರಿ. ನಾಲ್ಕು ಸಾಲು ಹೆಚ್ಚಾಗುವದರಿಂದ ಅಚ್ಚಿನ ಖರ್ಚು ಏರುವದಿಲ್ಲ. ಉನ್ನಿ, ಬೆನಾಯರ ಹೆಸರುಗಳಿಗೆ ವೇದದಲ್ಲಿ ಸ್ಥಳವಿರುವಾಗ ನಮ್ಮ ಕರಪತ್ರದಲ್ಲಿ ಸ್ಥಳವಿಲ್ಲವೆಂದು ಹೇಳುವದು ಹೇಗೆ?

ಐದನೇದಾಗಿ, ಹೊರಗಿನಿಂದ ಬರುವ ಮುಖ್ಯ ಗಾಯಕನಿಗೆ ಹಾರವನ್ನೂ ಹಣವನ್ನೂ ಕೊಟ್ಟು, ಅವನ ಸಂಗಡ ಬಂದವರನ್ನು ಬಾಗಲಲ್ಲಿ ನಿಲ್ಲಿಸಬೇಡಿರಿ. ಹಣವನ್ನು ಮುಖ್ಯನ ಕೈಗೆ ಒಟ್ಟಾಗಿ ಕೊಡದೆ, ಎಲ್ಲರ ಮುಂದೆ ಎಣಿಸಿ ಪಾಲುಮಾಡಿ ಕೊಡುವದು ಕ್ಷೇಮ. ನೆಹೆಮೀಯನು ನಂಬಿಗಸ್ತರನ್ನು ನೇಮಿಸಿ ಹಂಚಿಸಿದ್ದು ಇದಕ್ಕೋಸ್ಕರವೇ.

ಹಿಮ್ಮೇಳದಲ್ಲಿ ಹಾಡುವ ಸಹೋದರ ಸಹೋದರಿಯರಿಗೆ ಕಡೆಯದಾಗಿ ಒಂದು ಮಾತು. ತಗ್ಗಿ ಹಾಡುವದು ಬೇರೆ, ತಗ್ಗಿಸಲ್ಪಡುವದು ಬೇರೆ. ಹಾಡಿಗಾಗಿ ನೀವು ಕಂಠವನ್ನು ತಗ್ಗಿಸುವದು ಸೇವೆ. ಅದನ್ನು ಸಂತೋಷದಿಂದ ಮಾಡಿರಿ. ನಿಮ್ಮ ಕೂಲಿಯನ್ನೂ ಹೆಸರನ್ನೂ ಬೇರೊಬ್ಬನು ತಿಂದುಹಾಕುವದು ಅನ್ಯಾಯ. ಅದನ್ನು ಸೇವೆಯೆಂದು ಕರೆ‌ಯಬೇಕಾದದ್ದಿಲ್ಲ. ಮೊದಲನೆಯದನ್ನು ಕಲಿಯಿರಿ, ಎರಡನೆಯದನ್ನು ಹಿರಿಯರ ಮುಂದೆ ಶಾಂತವಾಗಿಯೂ ಸ್ಪಷ್ಟವಾಗಿಯೂ ಹೇಳಿರಿ.

ಕೂಟಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

(೧) ಎರಡನೆಯ ತರಗತಿಯ ಹಾಡುಗಾರರ ಹೆಸರುಗಳನ್ನು ಬರೆದಿಟ್ಟದ್ದು ಯಾಕೆ?
(೨) ಹಾಡುಗಾರರು ಹೊಲಗಳಿಗೆ ಓಡಿಹೋದದ್ದಕ್ಕೆ ನೆಹೆಮೀಯನು ಯಾರನ್ನು ಗದರಿಸಿದನು? ಯಾಕೆ?
(೩) ಹಿಮ್ಮೇಳದವರು ಮಾಡುವ ನಾಲ್ಕು ವಿಧದ ಕೆಲಸಗಳನ್ನು ಹೇಳಿರಿ. ಅವುಗಳಲ್ಲಿ ಕಷ್ಟವಾದದ್ದು ಯಾವದು?
(೪) ನಿಮ್ಮ ಸಭೆಯಲ್ಲಿ ಹತ್ತು ವರುಷಕ್ಕಿಂತ ಹೆಚ್ಚು ಕಾಲ ಹಿಂದೆ ನಿಂತು ಹಾಡಿದವರು ಯಾರು? ಅವರ ಹೆಸರುಗಳನ್ನು ಬರೆಯಿರಿ. ಬರುವ ಭಾನುವಾರ ಅವುಗಳನ್ನು ಸಭೆಯ ಮುಂದೆ ಓದಿರಿ.